ಮಿಲ್ಟನ್ ಕೀನ್ಸ್: ಹೊಲಗಳ ನಡುವೆ ಕಟ್ಟಿದ ಊರಿಗೆ ತನ್ನದೇ ಗುಣ ಬಂದದ್ದು ಹೇಗೆ?

ಪ್ರಶ್ನೆ: ಸೇಡಂ ರಸ್ತೆ, ಕಲಬುರಗಿ

ಎಲ್ಲರಿಗೂ ಶರಣು.

ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ಭೂಗೋಳ ಕಲಿಸುವವಳು ನಾನು. ನಗರ ಭೂಗೋಳದ ಪಾಠಕ್ಕಾಗಿ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್ ಎಂಬ ಯೋಜಿತ ಊರಿನ ಬಗ್ಗೆ ಟಿಪ್ಪಣಿ ಸಿದ್ಧಪಡಿಸುತ್ತಿದ್ದೇನೆ. ಪಠ್ಯದಲ್ಲಿ ಅದಕ್ಕೆ ಸಿಕ್ಕಿರುವುದು ಮೂರೇ ಮಾತು: 1967ರಲ್ಲಿ ಆರಂಭವಾಯಿತು, ರಸ್ತೆಗಳು ಚೌಕಳಿಯ ಆಕಾರದಲ್ಲಿವೆ, ಲಂಡನ್ನಿನ ಜನದಟ್ಟಣೆಯನ್ನು ತಗ್ಗಿಸಲು ಕಟ್ಟಲಾಯಿತು. ಇಷ್ಟನ್ನೇ ಬರೆಸಿ ಚಂಡೀಗಢದ ಪಾಠಕ್ಕೆ ಹೋಗಿಬಿಡಬಹುದು, ಆದರೆ ಮನಸ್ಸು ಒಪ್ಪುತ್ತಿಲ್ಲ.

ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ರಿಂಗ್ ರೋಡಿನ ಆಚೆಗೆ ಎದ್ದಿರುವ ಹೊಸ ಬಡಾವಣೆಗಳಿಂದ ಬರುತ್ತಾರೆ. ತೊಗರಿ ಬೆಳೆಯುತ್ತಿದ್ದ ಎರೆಹೊಲದಲ್ಲಿ ಕಲ್ಲು ನೆಟ್ಟು, ಪ್ಲಾಟು ಬಿಡಿಸಿ, ರಸ್ತೆಗೆ ಕಡಿ ಹಾಸಿದ ಮೇಲೆ ಮನೆಗಳು ಒಂದೊಂದಾಗಿ ಏಳುವುದನ್ನು ಅವರು ಕಣ್ಣಾರೆ ಕಂಡವರು. ಚರಂಡಿ, ಉದ್ಯಾನ, ಶಾಲೆ, ಸಿಟಿ ಬಸ್ಸು ಇವು ಎಷ್ಟು ತಡವಾಗಿ ಬರುತ್ತವೆ, ಕೆಲವೆಡೆ ಬರುವುದೇ ಇಲ್ಲ ಎಂಬುದೂ ಅವರಿಗೆ ಗೊತ್ತು. ಹೀಗಾಗಿ ಎಲ್ಲವನ್ನೂ ಮೊದಲೇ ಯೋಚಿಸಿ ಕಟ್ಟಿದ ಊರು ಹೇಗಿರುತ್ತದೆ ಎಂಬುದು ಅವರ ಪಾಲಿಗೆ ಪರೀಕ್ಷೆಗಷ್ಟೇ ಬೇಕಾದ ವಿಷಯವಲ್ಲ.

ನನಗೆ ತಿಳಿಯಬೇಕಾದದ್ದು ಇಷ್ಟು. ಮಹಾಯುದ್ಧ ಮುಗಿದ ಕೂಡಲೇ ಕಟ್ಟಿದ ಹೊಸ ಊರುಗಳಿಗೂ ಇಪ್ಪತ್ತು ವರ್ಷ ತಡವಾಗಿ ಬಂದ ಮಿಲ್ಟನ್ ಕೀನ್ಸಿಗೂ ಮುಖ್ಯ ವ್ಯತ್ಯಾಸವೇನು? ಆ ಊರನ್ನು ಇಂಗ್ಲೆಂಡಿನವರೇ ದಶಕಗಳಿಂದ ಜೀವವಿಲ್ಲದ ಕಾಂಕ್ರೀಟಿನ ಊರೆಂದು ಹಳಿಯುತ್ತ ಬಂದಿದ್ದಾರೆ. ಅಲ್ಲಿ ವಾಸಿಸುವವರಿಗೂ ಹಾಗೆಯೇ ಅನ್ನಿಸುತ್ತದೆಯೇ? ಅದಕ್ಕೆ ತನ್ನದೇ ಆದ ಗುಣವೊಂದು ಇದ್ದರೆ ಅದು ನಕಾಶೆಯಿಂದ ಬಂದದ್ದೋ, ಬೇರೆ ಕಾರಣದಿಂದ ಬಂದದ್ದೋ? ಬಲ್ಲವರು ದಯವಿಟ್ಟು ವಿಸ್ತಾರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ನಿವೃತ್ತ ನಗರ ಯೋಜಕ, ಕಲಬುರಗಿ

ಮೇಡಂ ಅವರಿಗೆ ನಮಸ್ಕಾರ. ಪ್ರಶ್ನೆ ದೊಡ್ಡದು, ಆದ್ದರಿಂದ ಸ್ವಲ್ಪ ಹಿಂದಿನಿಂದ ಆರಂಭಿಸುತ್ತೇನೆ.

ಇಂಗ್ಲೆಂಡಿನ ಹೊಸ ಊರುಗಳ ಬೇರು ಎಬೆನೇಜರ್ ಹೋವರ್ಡ್ ಅವರ ಉದ್ಯಾನ ನಗರದ ಕಲ್ಪನೆಯಲ್ಲಿದೆ. ನ್ಯಾಯಾಲಯ ಮತ್ತು ಸಂಸತ್ತಿನ ಕಲಾಪಗಳನ್ನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವ ವೃತ್ತಿಯಲ್ಲಿದ್ದ ಅವರು 1898ರಲ್ಲಿ ತಮ್ಮ ವಿಚಾರವನ್ನು ಪ್ರಕಟಿಸಿದರು. 1903ರಲ್ಲಿ ಲೆಚ್‌ವರ್ತ್ ಆರಂಭವಾಯಿತು, 1920ರಲ್ಲಿ ವೆಲ್ವಿನ್. ಅವರ ವಾದದ ಜೀವಾಳ ಗಿಡಮರಗಳಲ್ಲಿ ಇರಲಿಲ್ಲ, ಭೂಮಿಯ ಒಡೆತನದಲ್ಲಿತ್ತು. ಹೊಲದ ಬೆಲೆಗೆ ಕೊಂಡ ನೆಲ ಊರು ಬೆಳೆದಂತೆ ಬೆಲೆಬಾಳುವುದಾದರೆ, ಆ ಏರಿದ ಬೆಲೆ ಊರಿನ ಜನರಿಗೇ ಸೇರಬೇಕು ಎಂಬುದು ಅವರ ನಿಲುವು. ಈ ಮಾತನ್ನು ವಿದ್ಯಾರ್ಥಿಗಳಿಗೆ ಒತ್ತಿ ಹೇಳಬೇಕೆಂದು ನನ್ನ ವಿನಂತಿ, ಏಕೆಂದರೆ ಪಠ್ಯಗಳು ಉದ್ಯಾನವನ್ನು ಉಳಿಸಿಕೊಂಡು ಭೂಮಿಯ ಲೆಕ್ಕವನ್ನು ಬಿಟ್ಟುಬಿಡುತ್ತವೆ.

ಎರಡನೆಯ ಮಹಾಯುದ್ಧದಲ್ಲಿ ಬಾಂಬು ಬಿದ್ದು ಲಂಡನ್ನಿನ ಮನೆಗಳು ನಾಶವಾದವು; ಉಳಿದವುಗಳಲ್ಲಿಯೂ ಜನ ಇಕ್ಕಟ್ಟಿನಲ್ಲಿದ್ದರು. ಪ್ಯಾಟ್ರಿಕ್ ಅಬರ್‌ಕ್ರಾಂಬಿ ಅವರ 1944ರ ಯೋಜನೆ ಲಂಡನ್ನಿನ ಸುತ್ತ ಹಸಿರು ಪಟ್ಟಿಯನ್ನು ಬಿಟ್ಟು ಅದರಾಚೆಗೆ ಹೊಸ ಊರುಗಳನ್ನು ಕಟ್ಟಬೇಕೆಂದಿತು. ಸಚಿವ ಲೂಯಿಸ್ ಸಿಲ್ಕಿನ್ ಅವರ ಕಾಲದಲ್ಲಿ 1946ರ ಹೊಸ ಊರುಗಳ ಕಾಯ್ದೆ ಬಂತು, ಅದೇ ವರ್ಷದ ನವೆಂಬರಿನಲ್ಲಿ ಸ್ಟೀವನೇಜ್ ಮೊದಲ ಹೊಸ ಊರೆಂದು ಘೋಷಿತವಾಯಿತು. ಸ್ಥಳೀಯರು ಸುಮ್ಮನೆ ಒಪ್ಪಲಿಲ್ಲ. ಸಚಿವರು ಸಭೆಗೆ ಬಂದಾಗ ಅವರ ಕಾರಿನ ಟೈರುಗಳ ಗಾಳಿ ಬಿಟ್ಟರು, ರೈಲು ನಿಲ್ದಾಣದ ನಾಮಫಲಕವನ್ನು ತೆಗೆದು ಸಿಲ್ಕಿನ್‌ಗ್ರಾಡ್ ಎಂದು ಬರೆದು ಹಾಕಿದರು. ಈ ಮೊದಲ ತಲೆಮಾರಿನ ಊರುಗಳ ಮಾದರಿ ಬಹುಮಟ್ಟಿಗೆ ಒಂದೇ: ಮಧ್ಯದಲ್ಲಿ ಪೇಟೆ, ಸುತ್ತಲೂ ಪ್ರತ್ಯೇಕ ನೆರೆಹೊರೆಗಳು, ಪ್ರತಿ ನೆರೆಹೊರೆಗೂ ಶಾಲೆ ಮತ್ತು ಅಂಗಡಿಸಾಲು. ವಾಹನಗಳನ್ನು ಹೊರಗಿಟ್ಟು ನಡೆದಾಡುವವರಿಗಾಗಿ ಮಾತ್ರ ಕಟ್ಟಿದ ಸ್ಟೀವನೇಜಿನ ಪೇಟೆ 1959ರಲ್ಲಿ ಉದ್ಘಾಟನೆಯಾದಾಗ ಇಡೀ ದೇಶ ಅತ್ತ ನೋಡಿತು.

ಮಿಲ್ಟನ್ ಕೀನ್ಸಿನ ಕಾಲ ಬೇರೆ. 1960ರ ದಶಕದಲ್ಲಿ ಆಗ್ನೇಯ ಇಂಗ್ಲೆಂಡಿನ ಜನಸಂಖ್ಯೆ ವೇಗವಾಗಿ ಏರುವುದೆಂಬ ಅಂದಾಜಿತ್ತು, ಸಾಮಾನ್ಯ ಕುಟುಂಬವೂ ಕಾರು ಕೊಳ್ಳುವ ಕಾಲ ಬಂದಿತ್ತು. 1964ರ ಸರಕಾರಿ ಅಧ್ಯಯನವೊಂದು ಬ್ಲೆಚ್ಲಿಯ ಹತ್ತಿರ ದೊಡ್ಡ ಹೊಸ ನಗರವನ್ನು ಸೂಚಿಸಿತು. ಬಕಿಂಗ್‌ಹ್ಯಾಮ್‌ಶೈರ್ ಕೌಂಟಿಯ ವಾಸ್ತುಶಿಲ್ಪಿ ಫ್ರೆಡ್ ಪೂಲಿ ಅವರ ಮನಸ್ಸಿನಲ್ಲಿ ಆಗಲೇ ಬೇರೊಂದು ನಗರವಿತ್ತು: ಎರಡೂವರೆ ಲಕ್ಷ ಜನ, ಮಾನೊರೈಲಿನ ನಿಲ್ದಾಣಗಳ ಸುತ್ತ ಗುಂಪುಗುಂಪಾಗಿ ಮನೆಗಳು, ಹೆಚ್ಚಿನವರು ನಡೆದೇ ನಿಲ್ದಾಣ ತಲುಪುವ ವ್ಯವಸ್ಥೆ. ಸರಕಾರ ಎರಡೂವರೆ ಲಕ್ಷದ ಗುರಿಯನ್ನು ಉಳಿಸಿಕೊಂಡು ಮಾನೊರೈಲನ್ನು ಕೈಬಿಟ್ಟಿತು. 1967ರ ಜನವರಿ 23ರಂದು ಸುಮಾರು 89 ಚದರ ಕಿಲೋಮೀಟರ್ ಪ್ರದೇಶ ಹೊಸ ನಗರಕ್ಕೆಂದು ಘೋಷಿತವಾಯಿತು. ಲಾರ್ಡ್ ಕ್ಯಾಂಪ್‌ಬೆಲ್ ಅವರ ಅಧ್ಯಕ್ಷತೆಯಲ್ಲಿ ಅಭಿವೃದ್ಧಿ ನಿಗಮ ರಚನೆಯಾಯಿತು. ಲೆವೆಲಿನ್-ಡೇವಿಸ್ ಅವರ ಸಂಸ್ಥೆ ಸಿದ್ಧಪಡಿಸಿದ ಯೋಜನೆ 1970ರಲ್ಲಿ ಪ್ರಕಟವಾಯಿತು.

ಆ ಯೋಜನೆಯ ಹಿಂದೆ ಮೆಲ್ವಿನ್ ವೆಬರ್ ಎಂಬ ಅಮೆರಿಕದ ಚಿಂತಕರ ಪ್ರಭಾವವಿದೆ. ಮನುಷ್ಯರ ಸಂಬಂಧಗಳು ಪಕ್ಕದ ಮನೆಗೆ, ಸ್ವಂತ ಓಣಿಗೆ ಸೀಮಿತವಾಗಿರಬೇಕಿಲ್ಲ, ಓಡಾಟ ಸುಲಭವಾದರೆ ಜನ ತಮ್ಮ ಸಂಗಡಿಗರನ್ನು ಊರಿನ ಯಾವ ಮೂಲೆಯಲ್ಲಾದರೂ ಕಂಡುಕೊಳ್ಳುತ್ತಾರೆ ಎಂಬುದು ಅವರ ಪ್ರತಿಪಾದನೆ. ಆದ್ದರಿಂದಲೇ ಮುಚ್ಚಿದ ನೆರೆಹೊರೆಗಳನ್ನು ಬಿಟ್ಟು, ಊರಿನಾದ್ಯಂತ ಸುಮಾರು ಒಂದು ಕಿಲೋಮೀಟರಿಗೊಂದರಂತೆ ಮುಖ್ಯರಸ್ತೆಗಳನ್ನು ಹಾಸಿದರು. ಅಡ್ಡರಸ್ತೆಗಳಿಗೆ ಎಚ್ ಅಕ್ಷರ ಮತ್ತು ಸಂಖ್ಯೆ, ಉದ್ದರಸ್ತೆಗಳಿಗೆ ವಿ ಅಕ್ಷರ ಮತ್ತು ಸಂಖ್ಯೆ. ಚೌಕಳಿ ಎಂದೊಡನೆ ಚಂಡೀಗಢದಂಥ ನೇರ ಗೆರೆಗಳು ವಿದ್ಯಾರ್ಥಿಗಳ ಕಣ್ಣಿಗೆ ಬರುತ್ತವೆ. ಇಲ್ಲಿಯ ರಸ್ತೆಗಳು ಬಲೆಯೊಂದನ್ನು ಏರುತಗ್ಗಿನ ನೆಲದ ಮೇಲೆ ಹರವಿದಂತೆ ಬಾಗುತ್ತವೆ, ಏಕೆಂದರೆ ಅವು ನದಿ ಕಣಿವೆಗಳನ್ನೂ ನೆಲದ ಇಳಿಜಾರನ್ನೂ ಅನುಸರಿಸುತ್ತವೆ. ನಗರದ ಕೇಂದ್ರಭಾಗದಲ್ಲಿ ಮಾತ್ರ ಗೆರೆಗಳು ನೇರ. ಅಲ್ಲಿಯ ಮಿಡ್‌ಸಮ್ಮರ್ ಬುಲೆವಾರ್ಡ್ ಎಂಬ ಅಗಲವಾದ ರಸ್ತೆಯನ್ನು ಬೇಸಿಗೆಯ ಅತಿ ದೀರ್ಘ ಹಗಲಿನ ಸೂರ್ಯೋದಯದ ದಿಕ್ಕಿಗೆ ಹೊಂದಿಸಿದ್ದಾರೆ.

ಇನ್ನೊಂದು ವಿಷಯ. ಈ ಊರನ್ನು ಬರಿಯ ಬಯಲಿನಲ್ಲಿ ಕಟ್ಟಲಿಲ್ಲ. ಘೋಷಿತ ಪ್ರದೇಶದಲ್ಲಿ ಆಗಲೇ ಸುಮಾರು 40,000 ಜನರಿದ್ದರು. ರೋಮನ್ನರ ಕಾಲದ ವಾಟ್ಲಿಂಗ್ ಸ್ಟ್ರೀಟ್ ಮೇಲಿನ ಸ್ಟೋನಿ ಸ್ಟ್ರಾಟ್‌ಫರ್ಡ್, ಬ್ಲೆಚ್ಲಿ, ವುಲ್ವರ್ಟನ್ ಎಂಬ ಪಟ್ಟಣಗಳೂ ಹತ್ತಾರು ಹಳ್ಳಿಗಳೂ ಇದ್ದವು. ಮಿಲ್ಟನ್ ಕೀನ್ಸ್ ಎಂಬುದು ಆ ಹಳ್ಳಿಗಳಲ್ಲೊಂದರ ಹೆಸರು. ವುಲ್ವರ್ಟನ್ ಅಂತೂ 1838ರಿಂದ ರೈಲ್ವೆ ಕಾರ್ಖಾನೆಯ ಸುತ್ತ ಕಟ್ಟಿದ ಊರು. ವಾಡಿ, ಶಹಾಬಾದ್‌ಗಳನ್ನು ಬಲ್ಲ ನಮ್ಮ ಭಾಗದ ವಿದ್ಯಾರ್ಥಿಗಳಿಗೆ ರೈಲು ಮತ್ತು ಕಾರ್ಖಾನೆಗಳು ಊರನ್ನು ಹೇಗೆ ಕಟ್ಟುತ್ತವೆ ಎಂಬುದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಉತ್ತರ: ನೌಬಾದ್, ಬೀದರ್

ಮೇಡಂ, ನನ್ನ ಊರು ಬೀದರ್. ಸಾಫ್ಟ್‌ವೇರ್ ಕೆಲಸದ ನಿಮಿತ್ತ ಕೆಲವು ವರ್ಷಗಳಿಂದ ಕುಟುಂಬದೊಡನೆ ಮಿಲ್ಟನ್ ಕೀನ್ಸಿನಲ್ಲಿದ್ದೇನೆ. ಹಿರಿಯರು ಇತಿಹಾಸವನ್ನು ಚೆನ್ನಾಗಿ ತಿಳಿಸಿದ್ದಾರೆ. ಇಲ್ಲಿ ವಾಸಿಸುವವನಿಗೆ ಊರು ಹೇಗೆ ಕಾಣುತ್ತದೆ ಎಂಬುದನ್ನಷ್ಟೇ ನಾನು ಬರೆಯುತ್ತೇನೆ.

ಮುಖ್ಯರಸ್ತೆಯಲ್ಲಿ ಕಾರಿನಲ್ಲಿ ಹೋಗುವವನಿಗೆ ಈ ಊರು ಕಾಣುವುದೇ ಇಲ್ಲ. ರಸ್ತೆಯ ಎರಡೂ ಬದಿಗೆ ಅಗಲವಾದ ಮಣ್ಣಿನ ದಿಬ್ಬ, ಅದರ ಮೇಲೆ ದಟ್ಟವಾದ ಮರಗಳು. ಮನೆಗಳೆಲ್ಲ ಅವುಗಳ ಹಿಂದೆ. ಒಂದು ವೃತ್ತ ದಾಟಿದರೆ ಇನ್ನೊಂದು ವೃತ್ತ, ಅದೇ ಮರಗಳು. ಹೊರಗಿನಿಂದ ಬಂದು ಒಂದು ಮಧ್ಯಾಹ್ನ ಕಾರಿನಲ್ಲಿ ಸುತ್ತಿ ಹೋದವರು ಇಲ್ಲಿ ಊರೇ ಇಲ್ಲ, ರಸ್ತೆ ಮಾತ್ರ ಇದೆ ಎಂದು ಬರೆಯುವುದು ಇದೇ ಕಾರಣಕ್ಕೆ. ಊರನ್ನು ನೋಡಬೇಕಾದರೆ ಕಾರಿನಿಂದ ಇಳಿದು ರೆಡ್‌ವೇ ಹಿಡಿಯಬೇಕು. ಕೆಂಪು ಡಾಂಬರು ಹಾಕಿದ, ನಡೆಯುವವರಿಗೂ ಸೈಕಲ್ಲಿನವರಿಗೂ ಮೀಸಲಾದ ಈ ದಾರಿಗಳು 250 ಕಿಲೋಮೀಟರಿಗೂ ಹೆಚ್ಚು ಉದ್ದವಾಗಿ ಹಬ್ಬಿವೆ. ಮುಖ್ಯರಸ್ತೆ ಅಡ್ಡ ಬಂದಾಗ ಅವು ಕೆಳಸೇತುವೆಯಲ್ಲೋ ಮೇಲ್ಸೇತುವೆಯಲ್ಲೋ ಸಾಗುತ್ತವೆ. ನನ್ನ ಮಗಳು ಶಾಲೆಗೆ ಸೈಕಲ್ಲಿನಲ್ಲಿ ಹೋಗುವಾಗ ದೊಡ್ಡ ರಸ್ತೆಯೊಂದನ್ನೂ ವಾಹನಗಳ ನಡುವೆ ದಾಟುವುದಿಲ್ಲ. ಒಬ್ಬ ತಂದೆಗೆ ಇದು ಎಷ್ಟು ದೊಡ್ಡ ನೆಮ್ಮದಿ ಎಂಬುದನ್ನು ಕಲಬುರಗಿಯ ರಿಂಗ್ ರೋಡನ್ನು ಮಕ್ಕಳ ಕೈ ಹಿಡಿದು ದಾಟಿಸಿದವರು ಬಲ್ಲರು.

ಎರಡನೆಯದು ನೀರು. ಊಜೆಲ್ ನದಿ ಮತ್ತು ಲೌಟನ್ ಬ್ರೂಕ್‌ನಂಥ ಸಣ್ಣ ಹರಿವುಗಳ ಕಣಿವೆಯಲ್ಲಿ ಮನೆ ಕಟ್ಟುವುದನ್ನು ಮೊದಲೇ ಬಿಟ್ಟುಬಿಟ್ಟರು. ಛಾವಣಿಗಳ ಮತ್ತು ರಸ್ತೆಗಳ ಮೇಲೆ ಬಿದ್ದ ಮಳೆನೀರು ಒಮ್ಮೆಲೇ ನದಿಗೆ ನುಗ್ಗದಂತೆ ತಡೆದಿರಿಸಲು ವಿಲ್ಲನ್, ಕಾಲ್ಡಿಕಾಟ್ ಮುಂತಾದ ಕೆರೆಗಳನ್ನು ತೋಡಿದರು. ತೋಡಿದ ಕೆರೆಗಳ ಸುತ್ತಲೂ ಉದ್ಯಾನ ಮಾಡಿದರು. ವಿಲ್ಲನ್ ಕೆರೆಯ ದಂಡೆಯ ಮೇಲೆ 1980ರಲ್ಲಿ ಜಪಾನಿನ ಬೌದ್ಧ ಭಿಕ್ಷುಗಳು ಕಟ್ಟಿದ ಶಾಂತಿ ಸ್ತೂಪವಿದೆ. ಸನ್ನತಿಯ ಸ್ತೂಪವನ್ನು ಕಂಡಿರುವ ನಮ್ಮ ಕಡೆಯವರು ಇಲ್ಲಿಗೆ ಬಂದಾಗ ನಾನು ಅವರನ್ನು ಮೊದಲು ಕರೆದೊಯ್ಯುವುದು ಅಲ್ಲಿಗೇ. ಭಾನುವಾರ ಸಂಜೆ ಆ ಕೆರೆಯ ಸುತ್ತ ಗುಜರಾತಿ, ತಮಿಳು, ತೆಲುಗು, ಸೊಮಾಲಿ, ಪೋಲಿಷ್ ಮಾತುಗಳು ಒಟ್ಟಿಗೆ ಕೇಳುತ್ತವೆ. ಹೊಸ ಊರಾದ್ದರಿಂದ ಇಲ್ಲಿ ಹೆಚ್ಚಿನವರೂ ಎಲ್ಲಿಂದಲೋ ಬಂದವರೇ, ಹಳಬರು ಹೊಸಬರು ಎಂಬ ಗೋಡೆ ಬಹಳ ಗಟ್ಟಿಯಾಗಿ ಬೆಳೆದಿಲ್ಲ.

ಕೇಂದ್ರದ ಶಾಪಿಂಗ್ ಕಟ್ಟಡವನ್ನು ಮಾರ್ಗರೆಟ್ ಥ್ಯಾಚರ್ 1979ರಲ್ಲಿ ಉದ್ಘಾಟಿಸಿದರು. ಗಾಜು ಮತ್ತು ಉಕ್ಕಿನ ಆ ಉದ್ದನೆಯ ಕಟ್ಟಡ 2010ರಲ್ಲಿ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿತು. ಜಗತ್ತಿನ ಲಕ್ಷಾಂತರ ಜನರಿಗೆ ಮನೆಯಲ್ಲಿಯೇ ಪದವಿ ಕಲಿಸಿದ ಮುಕ್ತ ವಿಶ್ವವಿದ್ಯಾಲಯದ ಕೇಂದ್ರವೂ 1969ರಿಂದ ಇಲ್ಲಿಯ ವಾಲ್ಟನ್ ಹಾಲ್‌ನಲ್ಲಿದೆ. ಇಲ್ಲಿಯ ಕಾಂಕ್ರೀಟಿನ ಹಸುಗಳ ಶಿಲ್ಪಗಳ ಬಗ್ಗೆ ಪತ್ರಿಕೆಗಳು ಬಹಳ ಬರೆದಿವೆ. ಅವು 1978ರಲ್ಲಿ ಲಿಜ್ ಲೇ ಎಂಬ ಕಲಾವಿದೆ ಸ್ಥಳೀಯರೊಡನೆ ಸೇರಿ ಮಾಡಿದವು. ಇಲ್ಲಿಯ ಜನರಿಗೆ ಅವುಗಳ ಮೇಲೆ ನಿಜವಾದ ಅಕ್ಕರೆಯಿದೆ.

ಉತ್ತರ: ಸುರಪುರ, ಯಾದಗಿರಿ ಜಿಲ್ಲೆ

ಬೀದರಿನ ಸಹೋದರರ ಬರಹ ಸಂತೋಷ ಕೊಟ್ಟಿತು. ಆದರೂ ಮೇಡಂ ಅವರ ಟಿಪ್ಪಣಿಯಲ್ಲಿ ಈ ಊರಿನ ಇನ್ನೊಂದು ಮುಖವೂ ಇರಬೇಕು ಎಂಬ ಕಾರಣಕ್ಕೆ ಬರೆಯುತ್ತಿದ್ದೇನೆ. ನಾನು ಅರ್ಥಶಾಸ್ತ್ರದ ಅಧ್ಯಾಪಕ; ಲಂಡನ್ನಿನಲ್ಲಿ ಓದುವಾಗ ಕ್ಷೇತ್ರಕಾರ್ಯಕ್ಕೆಂದು ಅಲ್ಲಿ ಓಡಾಡಿದ್ದೇನೆ.

ಓಡಾಟ ಸುಲಭವಾದರೆ ಆಯ್ಕೆಯ ಸ್ವಾತಂತ್ರ್ಯ ಹೆಚ್ಚುತ್ತದೆ ಎಂಬ ಮಾತು ಕಾರು ಇದ್ದವರ ಪಾಲಿಗೆ ಸತ್ಯ. ಮನೆಗಳು ಊರಿನಾದ್ಯಂತ ತೆಳುವಾಗಿ ಹರಡಿದ್ದರೆ ಯಾವ ನಿಲ್ದಾಣದಲ್ಲಿಯೂ ಬಸ್ಸು ತುಂಬುವಷ್ಟು ಜನ ಸೇರುವುದಿಲ್ಲ. ಜನ ಸೇರದಿದ್ದರೆ ಬಸ್ಸು ಮೇಲಿಂದ ಮೇಲೆ ಬರುವುದಿಲ್ಲ. ಬಸ್ಸು ಬಾರದಿದ್ದರೆ ಕಾರು ಕೊಳ್ಳಲಾರದ ವೃದ್ಧರು, ಎಳೆಮಕ್ಕಳ ತಾಯಂದಿರು, ರಾತ್ರಿ ಪಾಳಿಯ ಗೋದಾಮು ಕಾರ್ಮಿಕರು ಮರಗಳ ಹಿಂದೆ, ನಾಲ್ಕು ಮುಖ್ಯರಸ್ತೆಗಳ ನಡುವಿನ ತಮ್ಮ ಚೌಕದಲ್ಲಿಯೇ ಉಳಿಯುತ್ತಾರೆ. ನಿಗಮಕ್ಕೆ ಈ ತೊಂದರೆ ತಿಳಿಯದೆ ಇರಲಿಲ್ಲ. 1970ರ ದಶಕದ ನಡುವಿನಲ್ಲಿ ದೂರವಾಣಿ ಮಾಡಿ ಕರೆಸಿಕೊಳ್ಳುವ ಬಸ್ಸಿನ ಪ್ರಯೋಗ ಮಾಡಿದರು, ಅದು ಹೆಚ್ಚು ಕಾಲ ನಡೆಯಲಿಲ್ಲ. ಪೂಲಿ ಅವರ ಮಾನೊರೈಲು ನಗರ ಕಾರ್ಯಸಾಧ್ಯವಾಗುತ್ತಿತ್ತೋ ಇಲ್ಲವೋ, ಕಾರಿಲ್ಲದವನನ್ನು ಮೊದಲು ನೆನೆದ ಯೋಜನೆ ಅದೇ ಆಗಿತ್ತು ಎಂಬುದು ನನ್ನ ಅಭಿಪ್ರಾಯ.

ಬೀದರಿನ ಸಹೋದರರ ಮಗಳು ಹಗಲಿನಲ್ಲಿ ನಿಶ್ಚಿಂತೆಯಿಂದ ಹೋಗುವ ಕೆಳಸೇತುವೆಯಲ್ಲಿ ಚಳಿಗಾಲದ ಸಂಜೆ ಒಬ್ಬಂಟಿಯಾಗಿ ಹೋಗಲು ಹಿಂಜರಿಯುವ ಹೆಂಗಸರನ್ನು ನಾನು ಮಾತನಾಡಿಸಿದ್ದೇನೆ. ವಾಹನದಿಂದ ಬೇರ್ಪಟ್ಟ ದಾರಿ ಮನೆಗಳ ಕಣ್ಣಿನಿಂದಲೂ ಬೇರ್ಪಡುತ್ತದೆ. ಮೂಲ ಯೋಜನೆಯಲ್ಲಿ ಅಂಗಡಿ, ಶಾಲೆ, ಬಸ್ ನಿಲ್ದಾಣಗಳನ್ನು ಚೌಕದ ಅಂಚಿನಲ್ಲಿ, ಪಾದಚಾರಿ ದಾರಿ ಮುಖ್ಯರಸ್ತೆಯನ್ನು ಸಂಧಿಸುವಲ್ಲಿಯೇ ಇರಿಸಿ, ಎರಡು ಚೌಕಗಳ ಜನರೂ ಅಲ್ಲಿ ಸೇರಲಿ ಎಂದು ಬಯಸಿದ್ದರು. ಕಟ್ಟುವಾಗ ಅನೇಕ ಕಡೆ ಅವು ಚೌಕದ ಒಳಕ್ಕೆ ಸರಿದವು. ಆ ಒಂದು ಬದಲಾವಣೆಯಿಂದ ಕೆಳಸೇತುವೆಗಳು ಜನರಿಲ್ಲದ ಜಾಗಗಳಾದವು. ನಕಾಶೆಯಲ್ಲಿ ಸಣ್ಣದಾಗಿ ಕಾಣುವ ನಿರ್ಧಾರ ಬದುಕಿನಲ್ಲಿ ಎಷ್ಟು ದೊಡ್ಡದಾಗುತ್ತದೆ ಎಂಬುದಕ್ಕೆ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಮನೆಗಳ ವಿಷಯ ಇನ್ನೂ ಗಂಭೀರ. ಆರಂಭದ ವರ್ಷಗಳಲ್ಲಿ ಬೇಗ ಬೇಗ ಬಾಡಿಗೆ ಮನೆಗಳನ್ನು ಕಟ್ಟಬೇಕಿತ್ತು, ಇಟ್ಟಿಗೆಗೂ ಗಾರೆ ಕೆಲಸದವರಿಗೂ ಕೊರತೆಯಿತ್ತು. ನೆದರ್‌ಫೀಲ್ಡ್, ಬೀನ್‌ಹಿಲ್ ಮೊದಲಾದ ಕಡೆ ಮರದ ಚೌಕಟ್ಟು, ಲೋಹದ ಹೊದಿಕೆ, ಚಪ್ಪಟೆ ಛಾವಣಿಯ ಮನೆಗಳು ಎದ್ದವು. ಬೀನ್‌ಹಿಲ್ಲಿನ ವಿನ್ಯಾಸ ಮುಂದೆ ವಿಶ್ವಪ್ರಸಿದ್ಧರಾದ ನಾರ್ಮನ್ ಫಾಸ್ಟರ್ ಅವರದು. ಛಾವಣಿಗಳು ಸೋರಿದವು, ನಂತರ ಅವುಗಳ ಮೇಲೆ ಇಳಿಜಾರು ಛಾವಣಿ ಕೂರಿಸಬೇಕಾಯಿತು. ಲಂಡನ್ನಿನ ಇಕ್ಕಟ್ಟಿನಿಂದ ಹೊಸ ಬದುಕನ್ನು ಅರಸಿ ಬಂದ ಬಡ ಕುಟುಂಬಗಳು ಮಳೆಗಾಲ ಚಳಿಗಾಲಗಳನ್ನು ಆ ಮನೆಗಳಲ್ಲಿಯೇ ಕಳೆದವು. ಆಸ್ಪತ್ರೆಗಾಗಿ ಜನ ಚಳವಳಿ ಮಾಡಬೇಕಾಯಿತು; ಅದು ತೆರೆದದ್ದು 1984ರಲ್ಲಿ. ಕೇಂದ್ರ ರೈಲು ನಿಲ್ದಾಣ 1982ರಲ್ಲಿ. ಎಲ್ಲವನ್ನೂ ಮೊದಲೇ ಯೋಚಿಸಿದ ಊರಿನಲ್ಲಿಯೂ ಆಸ್ಪತ್ರೆಗೆ ಹದಿನೇಳು ವರ್ಷ ಕಾಯಬೇಕಾಯಿತು ಎಂಬುದನ್ನು ರಿಂಗ್ ರೋಡಿನ ಆಚೆಯ ಆ ಮಕ್ಕಳಿಗೆ ದಯವಿಟ್ಟು ತಿಳಿಸಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಮನಃಪೂರ್ವಕ ವಂದನೆಗಳು. ಇದನ್ನೆಲ್ಲ ಓದಿದ ಮೇಲೆ ನನಗೆ ಮುಖ್ಯವೆನಿಸಿದ ಪ್ರಶ್ನೆಯೊಂದು ಹುಟ್ಟಿದೆ. ಕೆರೆ, ಮರ, ದಿಬ್ಬ, 250 ಕಿಲೋಮೀಟರ್ ಕೆಂಪು ದಾರಿ ಇವುಗಳಿಗೆಲ್ಲ ಬೇಕಾದ ಭೂಮಿ ಎಲ್ಲಿಂದ ಬಂತು, ಅದಕ್ಕೆ ಯಾರು ಹಣ ಕೊಟ್ಟರು? ಅದಕ್ಕಿಂತ ಹೆಚ್ಚಾಗಿ, ನಿಗಮ ಮುಚ್ಚಿದ ಮೇಲೆ ಅವು ಒತ್ತುವರಿಯಾಗದೆ, ಮಾರಾಟವಾಗದೆ ಉಳಿದದ್ದು ಹೇಗೆ? ನಮ್ಮಲ್ಲಿ ಉದ್ಯಾನವೆಂದು ನಕಾಶೆಯಲ್ಲಿ ಹಸಿರು ಬಳಿದ ಎಷ್ಟೋ ಜಾಗಗಳಲ್ಲಿ ಇಂದು ಜಾಲಿಗಿಡವೋ ಕಟ್ಟಡವೋ ಇದೆ. ಬಡಾವಣೆ ಮಾಡಿದವರು ಪ್ಲಾಟು ಮಾರಿ ಹೋಗುತ್ತಾರೆ. ಉಳಿದ ಜಾಗವನ್ನು ನೋಡಿಕೊಳ್ಳುವವರು ಇರುವುದಿಲ್ಲ.

ಉತ್ತರ: ನಿವೃತ್ತ ನಗರ ಯೋಜಕ, ಕಲಬುರಗಿ

ಮೇಡಂ, ಇದೇ ಪ್ರಶ್ನೆಗೆ ನಾನು ಕಾಯುತ್ತಿದ್ದೆ. ವೃತ್ತಿಜೀವನವಿಡೀ ಬಡಾವಣೆಗಳ ನಕಾಶೆಗಳನ್ನು ನೋಡಿದ ನನಗೆ ಮಿಲ್ಟನ್ ಕೀನ್ಸಿನಲ್ಲಿ ಗೌರವ ಮೂಡಿಸುವ ಸಂಗತಿ ಅದರ ರಸ್ತೆಗಳಲ್ಲ, ಈ ಲೆಕ್ಕ.

ನಿಗಮಕ್ಕೆ ಸರಕಾರದ ಖಜಾನೆಯಿಂದ ದೊರೆತದ್ದು ಬಹುಮಟ್ಟಿಗೆ ಸಾಲ, ಅದೂ 60 ವರ್ಷಗಳಲ್ಲಿ ತೀರಿಸಬೇಕಾದ ಸಾಲ. ಘೋಷಿತ ಪ್ರದೇಶದ ಭೂಮಿಯನ್ನು ಒಪ್ಪಂದದಿಂದ ಇಲ್ಲವೇ ಕಡ್ಡಾಯ ಸ್ವಾಧೀನದಿಂದ ಕೊಳ್ಳುವ ಅಧಿಕಾರ ಅದಕ್ಕಿತ್ತು. ಹೊಸ ನಗರ ಬರುತ್ತದೆ ಎಂಬ ಕಾರಣಕ್ಕೇ ಏರಿದ ಬೆಲೆಯನ್ನು ಪರಿಹಾರದಲ್ಲಿ ಸೇರಿಸಬೇಕಾಗಿಲ್ಲ ಎಂಬುದು ಅಲ್ಲಿಯ ಕಾನೂನಿನ ನಿಲುವಾಗಿತ್ತು. ಇದರಲ್ಲಿ ರೈತನಿಗೆ ನೋವಿದೆ, ಅದನ್ನು ಮರೆಮಾಚಬಾರದು; ಪೀಳಿಗೆಗಳಿಂದ ಉತ್ತ ಹೊಲವನ್ನು ಹೊಲದ ಬೆಲೆಗೇ ಬಿಟ್ಟುಕೊಟ್ಟು, ಅದೇ ನೆಲ ಪೇಟೆಯ ಬೆಲೆಗೆ ಏರುವುದನ್ನು ನೋಡಬೇಕಾದ ಕುಟುಂಬಗಳಿದ್ದವು. ಆದರೆ ನೆಲವೆಲ್ಲ ಒಂದೇ ಕೈಯಲ್ಲಿದ್ದುದರಿಂದ ಕಣಿವೆಯನ್ನು ಹಾಗೆಯೇ ಬಿಡುವುದು, ರಸ್ತೆಯ ಅಂಚಿಗೆ ಮರ ನೆಡಲು ಅಗಲವಾದ ಪಟ್ಟಿ ಇಡುವುದು ಸಾಧ್ಯವಾಯಿತು. ನಮ್ಮಲ್ಲಿ ಒಬ್ಬೊಬ್ಬರು ಐದೈದು ಎಕರೆಯನ್ನು ಬೇರೆ ಬೇರೆಯಾಗಿ ಎನ್‌.ಎ. (ಕೃಷಿಯೇತರ ಬಳಕೆಗೆ ಪರಿವರ್ತನೆ) ಮಾಡಿಸಿ ಬಡಾವಣೆ ಮಾಡಿದಾಗ ಒಬ್ಬನ ರಸ್ತೆ ಇನ್ನೊಬ್ಬನ ಬೇಲಿಗೆ ಬಂದು ನಿಲ್ಲುತ್ತದೆ, ಮಳೆನೀರಿನ ನಾಲೆ ಯಾರ ನಕಾಶೆಯಲ್ಲಿಯೂ ಇರುವುದಿಲ್ಲ.

ನಿಗಮದ ಮುಖ್ಯ ವಾಸ್ತುಶಿಲ್ಪಿ ಡೆರೆಕ್ ವಾಕರ್ ಮತ್ತು ಅವರ ಸಂಗಡಿಗರು ಮನೆ ಕಟ್ಟುವ ಮೊದಲೇ ಮರ ನೆಡಿಸಿದರು. ಕೇಂದ್ರಭಾಗದ ಹೊರಗೆ ಯಾವ ಕಟ್ಟಡವೂ ಅತಿ ಎತ್ತರದ ಮರವನ್ನು ಮೀರಬಾರದು ಎಂಬ ಆಶಯ ಅವರಿಗಿತ್ತು. ಇಂದು ಮರ ಮತ್ತು ಪೊದೆಗಳ ಸಂಖ್ಯೆಯನ್ನು ಎರಡು ಕೋಟಿಗೂ ಹೆಚ್ಚೆಂದು ಎಣಿಸುತ್ತಾರೆ. 43 ಡಿಗ್ರಿಯ ವೈಶಾಖವನ್ನು ಕಾಣುವ ಕಲಬುರಗಿಯಲ್ಲಿ ಬಡಾವಣೆಯ ರಸ್ತೆಗೆ ಮುಂಚೆಯೇ ಬೇವು, ಹೊಂಗೆ ನೆಡುವ ಷರತ್ತನ್ನು ಹಾಕಿದ್ದರೆ ಎಂದು ನಾನು ಇಂದಿಗೂ ಮರುಗುತ್ತೇನೆ.

ಇನ್ನು ನಿಗಮದ ನಂತರದ ಕಥೆ. ಅಭಿವೃದ್ಧಿ ನಿಗಮ ಶಾಶ್ವತ ಸಂಸ್ಥೆಯಲ್ಲ, ಕೆಲಸ ಮುಗಿದ ಮೇಲೆ ಮುಚ್ಚಬೇಕಾದದ್ದು, 1992ರಲ್ಲಿ ಮುಚ್ಚಿತು. ಅದಕ್ಕೆ ಮೊದಲೇ ಉದ್ಯಾನಗಳ ಗತಿಯೇನು ಎಂಬ ಚರ್ಚೆ ನಡೆದಿತ್ತು. ಸ್ಥಳೀಯ ಕೌನ್ಸಿಲಿಗೆ ಕೊಟ್ಟರೆ ಪ್ರತಿವರ್ಷದ ಬಜೆಟ್ಟಿನಲ್ಲಿ ಶಾಲೆ, ಅಶಕ್ತರ ಆರೈಕೆ, ರಸ್ತೆಗಳೊಡನೆ ಹುಲ್ಲು ಕತ್ತರಿಸುವ ಖರ್ಚೂ ಸ್ಪರ್ಧಿಸಬೇಕಾಗುತ್ತದೆ, ಕಷ್ಟದ ವರ್ಷದಲ್ಲಿ ಮೊದಲು ಕಡಿತವಾಗುವುದು ಅದೇ. ಆದ್ದರಿಂದ ಪಾರ್ಕ್ಸ್ ಟ್ರಸ್ಟ್ ಎಂಬ ಸ್ವತಂತ್ರ ಸಂಸ್ಥೆಯನ್ನು ರಚಿಸಿ, ಉದ್ಯಾನ, ಕಣಿವೆ, ಮರದ ಪಟ್ಟಿಗಳನ್ನು 999 ವರ್ಷಗಳ ಗೇಣಿಗೆ ಅದಕ್ಕೆ ವಹಿಸಿದರು. ಬರಿಗೈಯಲ್ಲಿ ವಹಿಸಲಿಲ್ಲ. ಸುಮಾರು 2 ಕೋಟಿ ಪೌಂಡಿನ ಮೂಲನಿಧಿಯನ್ನು, ಬಹುಪಾಲು ಬಾಡಿಗೆ ಬರುವ ವಾಣಿಜ್ಯ ಆಸ್ತಿಯ ರೂಪದಲ್ಲಿ, ಜೊತೆಗೆ ಕೊಟ್ಟರು. ಅಂಗಡಿ, ಕಚೇರಿಗಳ ಆ ಬಾಡಿಗೆಯಿಂದ ಇಂದಿಗೂ ಮರಗಳ ಪಾಲನೆ ನಡೆಯುತ್ತದೆ. ನಮ್ಮ ಮಠಗಳಿಗೂ ದರ್ಗಾಗಳಿಗೂ ದೀಪದ ಎಣ್ಣೆಗೆಂದು ಹೊಲ ಬಿಟ್ಟುಕೊಟ್ಟ ಪದ್ಧತಿ ಈ ನಾಡಿನಲ್ಲಿಯೇ ಇತ್ತಲ್ಲವೇ? ಉದ್ಯಾನಕ್ಕೂ ಹಾಗೊಂದು ಇನಾಮು ಬಿಡಬಹುದೆಂಬುದು ನಮ್ಮ ಬಡಾವಣೆಗಳ ನಿಯಮಗಳಲ್ಲಿ ಇನ್ನೂ ಬಂದಿಲ್ಲ.

ಉಳಿದ ಆಸ್ತಿಯ ಗತಿ ಅಷ್ಟು ಚೆನ್ನಾಗಿ ಆಗಲಿಲ್ಲ. ಮಾರಾಟವಾಗದೆ ಉಳಿದ ನೆಲ ಹೊಸ ಊರುಗಳ ಆಯೋಗಕ್ಕೆ, ಅಂದರೆ ಕೇಂದ್ರ ಸರಕಾರದ ಕೈಗೆ ಹೋಯಿತು. ಅಲ್ಲಿ ಉಳಿದಿದ್ದ ಬಹುಭಾಗವನ್ನು ಸ್ಥಳೀಯ ಕೌನ್ಸಿಲು 2013ರಲ್ಲಿ ಹಣ ಕೊಟ್ಟು ಕೊಳ್ಳಬೇಕಾಯಿತು. ಲೆಚ್‌ವರ್ತ್ ಈ ವಿಷಯದಲ್ಲಿ ಹೆಚ್ಚು ಭಾಗ್ಯಶಾಲಿ: 1960ರ ಸುಮಾರಿಗೆ ಅದರ ಮೂಲ ಕಂಪನಿಯನ್ನು ಲಾಭಕ್ಕಾಗಿ ವಶಪಡಿಸಿಕೊಳ್ಳುವ ಪ್ರಯತ್ನ ನಡೆದಾಗ ಊರಿನವರು ಹೋರಾಡಿ ಸಂಸತ್ತಿನಿಂದ ಪ್ರತ್ಯೇಕ ಕಾಯ್ದೆ ಪಡೆದರು, ಇಂದಿಗೂ ಅಲ್ಲಿಯ ಭೂಮಿಯ ಆದಾಯ ಅದೇ ಊರಿಗೆ ಖರ್ಚಾಗುತ್ತದೆ.

ನಮ್ಮ ಭಾಗದ ಒಂದು ಉದಾಹರಣೆಯನ್ನು ತರಗತಿಯಲ್ಲಿ ಜೊತೆಗಿಡಬಹುದು. ಫಿರೋಜ್ ಷಾ ಬಹಮನಿ ಕಲಬುರಗಿಯ ದಕ್ಷಿಣಕ್ಕೆ ಭೀಮೆಯ ದಂಡೆಯಲ್ಲಿ ಫಿರೋಜಾಬಾದನ್ನು ಹೊಸದಾಗಿ ಕಟ್ಟಿಸಿದನು: ಕೋಟೆಗೋಡೆ, ದೊಡ್ಡ ಮಸೀದಿ, ಅರಮನೆ, ಹಮಾಮು ಎಲ್ಲವೂ ಇದ್ದವು. ಅವನ ನಂತರ ಅವನ ತಮ್ಮ ಅಹಮದ್ ಷಾ ರಾಜಧಾನಿಯನ್ನು ಬೀದರಿಗೆ ಒಯ್ದನು. ಕಟ್ಟಿಸಿದವನ ಹೊರತು ಫಿರೋಜಾಬಾದಿಗೆ ಬೇರೆ ಆಧಾರವಿರಲಿಲ್ಲ.

ಉತ್ತರ: ನೌಬಾದ್, ಬೀದರ್

ಸುರಪುರದ ಸರ್ ಬರೆದ ಬಸ್ಸಿನ ಮಾತು ನಿಜ, ನಾನೂ ಒಪ್ಪುತ್ತೇನೆ. ಇಲ್ಲಿ ಕಾರು ಕೊಳ್ಳುವ ತನಕ ನಾವೂ ಕಷ್ಟಪಟ್ಟೆವು. ಹಿರಿಯರ ಮಾತಿಗೆ ಇಂದಿನ ಸ್ಥಿತಿಯನ್ನು ಸೇರಿಸುತ್ತೇನೆ.

2021ರ ಜನಗಣತಿಯಲ್ಲಿ ಮಿಲ್ಟನ್ ಕೀನ್ಸ್ ಆಡಳಿತ ಪ್ರದೇಶದ ಜನಸಂಖ್ಯೆ 2,87,060. ಹಲವು ಬಾರಿ ಅರ್ಜಿ ಹಾಕಿ ಸಿಗದೆ ಹೋಗಿದ್ದ ನಗರದ ಅಧಿಕೃತ ಪದವಿ ರಾಣಿಯ ಆಳ್ವಿಕೆಯ 70ನೆಯ ವರ್ಷದ ಸಂದರ್ಭದಲ್ಲಿ, 2022ರಲ್ಲಿ ದೊರೆಯಿತು. 2050ರ ಹೊತ್ತಿಗೆ 4,10,000 ಜನಸಂಖ್ಯೆಗೆ ಬೆಳೆಯುವ ಕಾರ್ಯತಂತ್ರವನ್ನು ಕೌನ್ಸಿಲು ಅಂಗೀಕರಿಸಿದೆ. ಈಗಿನ ಜಗಳವೆಲ್ಲ ಆ ಬೆಳವಣಿಗೆಯ ರೂಪದ್ದು. ಕೇಂದ್ರದಲ್ಲಿ ಎತ್ತರದ ವಸತಿ ಕಟ್ಟಡಗಳು ಬರುತ್ತಿವೆ. ಮರವನ್ನು ಮೀರಬಾರದೆಂಬ ಹಳೆಯ ಆಶಯವನ್ನು ನೆನೆದು ಅನೇಕರು ವಿರೋಧಿಸುತ್ತಾರೆ, ಜನ ಒತ್ತಾಗಿ ಇದ್ದರೆ ಮಾತ್ರ ಒಳ್ಳೆಯ ಸಾರ್ವಜನಿಕ ಸಾರಿಗೆ ಬರುತ್ತದೆಂದು ಉಳಿದವರು ಬೆಂಬಲಿಸುತ್ತಾರೆ.

ಊರಿನ ಪೂರ್ವದಲ್ಲಿ ಬ್ರೌಟನ್, ಬ್ರೂಕ್‌ಲ್ಯಾಂಡ್ಸ್ ಕಡೆ ನಿಗಮದ ನಂತರ ಬೆಳೆದ ಭಾಗದಲ್ಲಿ ಚೌಕಳಿ ರಸ್ತೆಗಳನ್ನು ಮುಂದುವರಿಸದೆ, ಮನೆಗಳು ರಸ್ತೆಗೆ ಮುಖಮಾಡಿ ನಿಲ್ಲುವ ಸಾಮಾನ್ಯ ಬೀದಿಗಳನ್ನು ಮಾಡಿದರು. ಬಸ್ಸಿಗೂ ನಡೆಯುವವರಿಗೂ ಅದು ಹಿತವೆಂಬ ವಾದವಿತ್ತು. ಅಲ್ಲಿಯ ಹಲವು ನಿವಾಸಿಗಳ ದೂರು ಮಾತ್ರ ಬೇರೆ: ವಾಹನದ ಸದ್ದು ನೇರವಾಗಿ ಮನೆಗೆ ಬರುತ್ತದೆ, ಬೆಳಗಿನ ಹೊತ್ತು ದಟ್ಟಣೆಯಾಗುತ್ತದೆ, ಮಕ್ಕಳು ಮತ್ತೆ ವಾಹನಗಳ ನಡುವೆ ರಸ್ತೆ ದಾಟಬೇಕಾಗುತ್ತದೆ. ಹೊಸ ವಿಸ್ತರಣೆಯ ಪ್ರಸ್ತಾಪ ಬಂದಾಗಲೆಲ್ಲ ಚೌಕಳಿಯನ್ನೂ ಕೆಂಪು ದಾರಿಯನ್ನೂ ಮುಂದುವರಿಸಬೇಕೆಂದು ಜನರೇ ಅರ್ಜಿ ಬರೆಯುತ್ತಾರೆ, ಸಭೆಗಳಲ್ಲಿ ನಿಂತು ಮಾತನಾಡುತ್ತಾರೆ. ಹೊರಗಿನವರು ಜೀವವಿಲ್ಲದ್ದೆಂದು ಹಳಿದ ಅದೇ ರಸ್ತೆಗಳನ್ನು ಇಲ್ಲಿಯ ನಿವಾಸಿಗಳು ತಮ್ಮದೆಂದು ಕಾಯುತ್ತಿರುವುದರಿಂದ, ಮೇಡಂ ಕೇಳಿದ ಎರಡನೆಯ ಪ್ರಶ್ನೆಗೆ ಇದನ್ನು ಉತ್ತರವಾಗಿ ಟಿಪ್ಪಣಿಯಲ್ಲಿ ಸೇರಿಸಿಕೊಳ್ಳಬಹುದು. ವಿದ್ಯಾರ್ಥಿಗಳು ಉಪಗ್ರಹ ನಕಾಶೆಯಲ್ಲಿ ಬ್ರೂಕ್‌ಲ್ಯಾಂಡ್ಸ್ ಮತ್ತು ನೆದರ್‌ಫೀಲ್ಡ್ ಎರಡನ್ನೂ ಅಕ್ಕಪಕ್ಕ ತೆರೆದು ನೋಡಿದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ. ಅವರಿಗೆ ಬೇಕಾದಲ್ಲಿ ಎರಡೂ ಕಡೆಯ ರಸ್ತೆಗಳ ಚಿತ್ರಗಳನ್ನು ತೆಗೆದು ಈ ವಾರಾಂತ್ಯದಲ್ಲಿ ಇಲ್ಲಿಯೇ ಹಾಕುತ್ತೇನೆ.